ಒಂದು ಗಾಡಿಯ ಎಂಜಿನ್ನು, ಇನ್ನೊಂದು ಗಾಡಿಯ ಬಿಡಿಭಾಗ



ಚರಿತ್ರೆ ಎಂದೊಡನೆ ನಿಮ್ಮ ಮನಸ್ಸಿಗೆ ಬರುವುದು ಕೋಟೆ, ಶಾಸನ, ಯುದ್ಧ. ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಓದುತ್ತಿರುವ ನಿಮಗೆ ಅಂಥ ಚರಿತ್ರೆ ಕಣ್ಣೆದುರಿಗೇ ಇದೆ. ಮಧುಗಿರಿಯ ಏಕಶಿಲಾ ಬೆಟ್ಟದ ಕೋಟೆಯನ್ನು ನೋಡದವರು ನಿಮ್ಮಲ್ಲಿ ಯಾರಿದ್ದಾರೆ? ಆದರೆ ಮೋಟರ್ ಸೈಕಲ್ ಗ್ಯಾರೇಜಿಗೂ ಒಂದು ಚರಿತ್ರೆ ಉಂಟು. ಅದು ಕಲ್ಲಿನಲ್ಲಿ ಬರೆದದ್ದಲ್ಲ, ಮೆಕ್ಯಾನಿಕ್ಕಿನ ಕೈಯಲ್ಲಿ ಉಳಿದದ್ದು. ಒಂದು ಮಾದರಿಯ ಎಂಜಿನ್ನಿಗೆ ಇನ್ನೊಂದು ಮಾದರಿಯ ಭಾಗವನ್ನು ಕೂಡಿಸುವ ವಿದ್ಯೆ ಆ ಚರಿತ್ರೆಯ ಒಂದು ಅಧ್ಯಾಯ. ಈ ವಿದ್ಯೆ ಹೇಗೆ ಸಾಧ್ಯವಾಯಿತು? ಅದರ ಮಿತಿ ಎಲ್ಲಿದೆ? ಬನ್ನಿ, ನೋಡೋಣ.

ಕಥೆ ನಮ್ಮ ಮೈಸೂರಿನಿಂದಲೇ ಆರಂಭವಾಗಲಿ. ಚೆಕೊಸ್ಲೊವಾಕಿಯಾ ದೇಶದ ಜಾವಾ ಮೋಟರ್ ಸೈಕಲ್ಲನ್ನು ಪರವಾನಗಿ ಪಡೆದು ಇಲ್ಲಿಯೇ ತಯಾರಿಸಲು 'ಐಡಿಯಲ್ ಜಾವಾ' ಕಂಪನಿ ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ ತೆರೆಯಿತು. 1961ರಲ್ಲಿ ಉತ್ಪಾದನೆ ಪ್ರಾರಂಭವಾಯಿತು. 1973ರಿಂದ ಗಾಡಿಗಳು 'ಯೆಜ್ಡಿ' ಎಂಬ ಹೆಸರಿನಲ್ಲಿ ಹೊರಬಂದವು. ಒಂದೇ ಲಿವರಿನಿಂದ ಕಿಕ್ ಹೊಡೆದು, ಅದನ್ನೇ ಮುಂದಕ್ಕೆ ಮಡಿಸಿ ಗೇರು ಹಾಕುವ ಆ ಗಾಡಿಯನ್ನು ನಿಮ್ಮ ಅಜ್ಜನೋ ಮಾವನೋ ಓಡಿಸಿರಬಹುದು, ಕೇಳಿ ನೋಡಿ.

1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೆ ಗಾಡಿಗಳು ರಸ್ತೆಯ ಮೇಲೆ ಉಳಿದವು. ಪಿಸ್ಟನ್ ಸವೆದರೆ, ಗೇರು ಮುರಿದರೆ ಏನು ಮಾಡುವುದು? ಜಾವಾ 250 ಮತ್ತು ಯೆಜ್ಡಿ 250 ಒಂದೇ ವಂಶದ ಎಂಜಿನ್ನುಗಳು. ಹೀಗಾಗಿ ಗುಜರಿ ಸೇರಿದ ಒಂದರ ಎಷ್ಟೋ ಭಾಗಗಳು ಇನ್ನೊಂದಕ್ಕೆ ಜೀವ ಕೊಟ್ಟವು. ಇಲ್ಲಿ ಮೆಕ್ಯಾನಿಕ್ಕಿಗಿದ್ದದ್ದು ವೇಗದ ಆಸೆಯಲ್ಲ, ಗಾಡಿಯನ್ನು ಉಳಿಸಿಕೊಳ್ಳುವ ಅನಿವಾರ್ಯತೆ.

ಹಾಗಾದರೆ ಒಂದೇ ಕಂಪನಿಯ ಯಾವ ಭಾಗವಾದರೂ ಹೊಂದುತ್ತದೆಯೇ? ಇಲ್ಲ. ಹೆಸರು ನೋಡಿದರೆ ಸಾಲದು, ಅಳತೆ ನೋಡಬೇಕು. ಜಾವಾ 250ರ ಸಿಲಿಂಡರಿನ ಒಳವ್ಯಾಸ 65 ಮಿಲಿಮೀಟರ್. ಅದರೊಳಗೆ ಪಿಸ್ಟನ್ ಮೇಲಿಂದ ಕೆಳಕ್ಕೆ ಚಲಿಸುವ ದೂರ, ಅಂದರೆ ಸ್ಟ್ರೋಕ್, 75 ಮಿಲಿಮೀಟರ್. ಅದೇ ಕಾರ್ಖಾನೆಯ ಯೆಜ್ಡಿ 350ಕ್ಕೆ ಎರಡು ಸಿಲಿಂಡರುಗಳಿದ್ದವು. ಒಂದೊಂದರ ವ್ಯಾಸ 58, ಸ್ಟ್ರೋಕ್ 65. ದೊಡ್ಡ ಗಾಡಿಯ ಪಿಸ್ಟನ್ನೇ ಚಿಕ್ಕದು! ಅದು 250ಕ್ಕೆ ಕೂರುವುದಾದರೂ ಹೇಗೆ?

ಈಗ ಯಮಾಹಾ ಆರ್‌ಎಕ್ಸ್ 100 ತೆಗೆದುಕೊಳ್ಳಿ. 1985ರಿಂದ 1996ರವರೆಗೆ ಭಾರತದಲ್ಲಿ ತಯಾರಾದ ಗಾಡಿ ಇದು. ವ್ಯಾಸ 50, ಸ್ಟ್ರೋಕ್ 50 ಮಿಲಿಮೀಟರ್. ಅನಂತರದ ಆರ್‌ಎಕ್ಸ್ 135ರಲ್ಲಿ ವ್ಯಾಸ 58 ಆಯಿತು, ಸ್ಟ್ರೋಕ್ 50 ಆಗಿಯೇ ಉಳಿಯಿತು. ನೀವು ಗಣಿತದ ತರಗತಿಯಲ್ಲಿ ಕಲಿತ ಸಿಲಿಂಡರಿನ ಘನಫಲದ ಸೂತ್ರವನ್ನು ಇಲ್ಲಿ ಬಳಸಿ. ಮೊದಲನೆಯದು ಸುಮಾರು 98 ಸಿ.ಸಿ., ಎರಡನೆಯದು 132 ಸಿ.ಸಿ. ಸ್ಟ್ರೋಕ್ ಒಂದೇ ಆದ್ದರಿಂದ ಹಳೆಯ ಕ್ರ್ಯಾಂಕಿನ ಮೇಲೆ ಹೊಸ ಸಿಲಿಂಡರ್ ಕೂರಿಸಬಹುದಲ್ಲ ಎಂಬ ಯೋಚನೆ ಹುಟ್ಟಿದ್ದು ಸಹಜ. ಮದ್ರಾಸಿನ ಎನ್‌ಫೀಲ್ಡ್ ಬುಲೆಟ್ಟಿನಲ್ಲೂ ಹೀಗೆಯೇ: 350ರ ವ್ಯಾಸ 70, 500ರ ವ್ಯಾಸ 84, ಸ್ಟ್ರೋಕ್ ಎರಡಕ್ಕೂ 90. ಕಂಪನಿಗಳು ಖರ್ಚು ಉಳಿಸಲು ಒಂದೇ ಮೂಲದಿಂದ ಹಲವು ಮಾದರಿಗಳನ್ನು ಮಾಡಿದವು. ಗ್ಯಾರೇಜಿನವರು ಆ ನೆಂಟಸ್ತಿಕೆಯನ್ನು ಪತ್ತೆ ಹಚ್ಚಿದರು, ಅಷ್ಟೆ.

ಇದು ನಮ್ಮವರಷ್ಟೇ ಹಿಡಿದ ದಾರಿಯಲ್ಲ. 1950 ಮತ್ತು 60ರ ದಶಕಗಳಲ್ಲಿ ಇಂಗ್ಲೆಂಡಿನ ಯುವಕರು ನಾರ್ಟನ್ ಗಾಡಿಯ ಚೌಕಟ್ಟಿಗೆ ಟ್ರಯಂಫ್ ಎಂಜಿನ್ ಕೂರಿಸಿ, ಎರಡೂ ಹೆಸರು ಬೆರೆಸಿ 'ಟ್ರೈಟನ್' ಎಂದು ಕರೆದರು. ಅವರಿಗೆ ಬೇಕಾಗಿದ್ದದ್ದು ವೇಗ.

ಆದರೆ ಸಿಲಿಂಡರ್ ಬದಲಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಆರ್‌ಎಕ್ಸ್‌ನಂಥ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಗೆ ಹೊರಹೋಗುವ ಕಿಂಡಿಗಳು ಸಿಲಿಂಡರಿನ ಗೋಡೆಯಲ್ಲೇ ಇರುತ್ತವೆ. ಪಿಸ್ಟನ್ ಅವನ್ನು ತೆರೆದು ಮುಚ್ಚುತ್ತದೆ. ಸಿಲಿಂಡರ್ ಬದಲಾದರೆ ಎಂಜಿನ್ನಿನ ಉಸಿರಾಟವೇ ಬದಲಾಗುತ್ತದೆ. ದೊಡ್ಡ ಸಿಲಿಂಡರಿನ ಬುಡಕ್ಕೆ ಕ್ರ್ಯಾಂಕ್ ಕೇಸಿನ ಬಾಯಿ ಸಾಲದಿದ್ದರೆ ಅದನ್ನು ಕೊರೆಸಬೇಕು. ಪಿಸ್ಟನ್ನಿನ ತೂಕ ಹೆಚ್ಚಿದರೆ ನಡುಕ ಹೆಚ್ಚುತ್ತದೆ. ಕಾರ್ಬ್ಯುರೇಟರಿನ ಜೆಟ್ ಸರಿಹೊಂದದೆ ಪೆಟ್ರೋಲ್ ಕಡಿಮೆಯಾದರೆ ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಓಡುತ್ತಿರುವಾಗ ಪಿಸ್ಟನ್ ಹಿಡಿದರೆ ಹಿಂದಿನ ಚಕ್ರವೂ ತಟ್ಟನೆ ನಿಲ್ಲಬಹುದು. ಆಗ ಸವಾರನ ಗತಿ? ಇನ್ನು ಬ್ರೇಕು. ಅದನ್ನು ಮಾಡಿದ್ದು 100 ಸಿ.ಸಿ.ಯ ವೇಗಕ್ಕೆ. ಎಂಜಿನ್ನಿನ ಶಕ್ತಿ ಹೆಚ್ಚಿತೆಂದು ಬ್ರೇಕಿನ ಶಕ್ತಿ ತಾನಾಗಿ ಹೆಚ್ಚುವುದಿಲ್ಲ.

ಕಾನೂನು ಗೆರೆ ಎಳೆದಿರುವುದೂ ಇಲ್ಲಿಯೇ. ಸವೆದ ಭಾಗಕ್ಕೆ ಅದೇ ಅಳತೆಯ ಭಾಗ ಹಾಕುವುದು ರಿಪೇರಿ. ನೋಂದಣಿ ಪತ್ರದಲ್ಲಿ ಬರೆದಿರುವ ಸಿ.ಸಿ.ಯೇ ಸುಳ್ಳಾಗುವಂತೆ ಬದಲಿಸುವುದು ಬೇರೆ ಮಾತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಅದನ್ನು ತಡೆಯುತ್ತದೆ. ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯಂತೆ ತಪ್ಪಿತಸ್ಥ ಮಾಲೀಕನಿಗೆ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಆಗಬಹುದು.

ವಿದ್ಯಾರ್ಥಿಗಳೇ, ಮೆಕ್ಯಾನಿಕ್ಕಿನ ವಿದ್ಯೆ ಕೀಳೆಂದು ಇದರ ಅರ್ಥವಲ್ಲ. ಯಾವ ಪುಸ್ತಕವೂ ಇಲ್ಲದೆ, ಕ್ಯಾಲಿಪರ್ ಹಿಡಿದು ಎರಡು ಎಂಜಿನ್ನುಗಳ ನೆಂಟಸ್ತಿಕೆ ಗುರುತಿಸುವುದು ಸಾಮಾನ್ಯ ಬುದ್ಧಿಯಲ್ಲ. ಅದು ಬರಹಕ್ಕೆ ಇಳಿಯದಿದ್ದರೆ ಆ ತಲೆಮಾರಿನೊಂದಿಗೇ ಮರೆಯಾಗುತ್ತದೆ. ಆದ್ದರಿಂದ ಮುಂದಿನ ರಜೆಯಲ್ಲಿ ಒಂದು ಕೆಲಸ ಮಾಡಿ. ನಿಮ್ಮ ತಾಲ್ಲೂಕಿನ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿ ನೋಟ್‌ಬುಕ್ಕು ಹಿಡಿದು ಹೋಗಿ. ಯಾವ ಗಾಡಿಗೆ ಯಾವ ಗಾಡಿಯ ಭಾಗ ಹೊಂದುತ್ತಿತ್ತು, ಏಕೆ ಹೊಂದುತ್ತಿತ್ತು, ಯಾವುದನ್ನು ಹಾಕಲು ಅವರು ಒಪ್ಪುತ್ತಿರಲಿಲ್ಲ ಎಂದು ಕೇಳಿ. ಮೂರನೆಯ ಪ್ರಶ್ನೆಗೆ ಬರುವ ಉತ್ತರವನ್ನು ತಪ್ಪದೆ ಬರೆದುಕೊಳ್ಳಿ.