ನಿಂತವರು, ಕುಳಿತವರು: ಬಿಜಾಪುರದ ಸಂಗೀತಚಿತ್ರಗಳಲ್ಲಿ ಅರಸ ಮತ್ತು ಕಲಾವಿದ

ಅಕ್ಬರನ ರಾಯಭಾರಿಯಾಗಿ 1603-04ರ ಸುಮಾರಿಗೆ ಬಿಜಾಪುರಕ್ಕೆ ಬಂದ ಅಸದ್ ಬೇಗ್ ತನ್ನ ಪಾರಸಿ ವೃತ್ತಾಂತದಲ್ಲಿ ಒಂದು ಸಂಭಾಷಣೆಯನ್ನು ದಾಖಲಿಸಿದ್ದಾನೆ. ಎರಡನೆಯ ಇಬ್ರಾಹಿಂ ಆದಿಲ್‌ಶಾಹ (ಆಳ್ವಿಕೆ 1580-1627) ಗಾಯನದಲ್ಲಿ ಎಷ್ಟು ಮಗ್ನನಾಗಿದ್ದನೆಂದರೆ ಅತಿಥಿಯ ಮಾತಿಗೆ ಮರುಮಾತು ಕೊಡುವುದೂ ಅವನಿಗೆ ಕಷ್ಟವಾಗಿತ್ತು. ಅವನ ಕುತೂಹಲವಿದ್ದುದು ಬೇರೊಂದು ಸಂಗತಿಯಲ್ಲಿ: ತಾನಸೇನನು ಬಾದಶಹನ ಎದುರು ನಿಂತು ಹಾಡುತ್ತಿದ್ದನೋ, ಕುಳಿತೋ? ಹಗಲಿನ ದರ್ಬಾರಿನಲ್ಲಿ ನಿಂತೇ ಹಾಡಬೇಕು, ರಾತ್ರಿಯ ಗೋಷ್ಠಿಗಳಲ್ಲಿಯೂ ಹಬ್ಬದ ದಿನಗಳಲ್ಲಿಯೂ ಕೂರಲು ಅಪ್ಪಣೆಯುಂಟು ಎಂಬರ್ಥದ ಉತ್ತರವನ್ನು ರಾಯಭಾರಿ ಕೊಟ್ಟ.

ಆಸ್ಥಾನದ ಸಂಗೀತ-ನೃತ್ಯಗಳನ್ನು ಚಿತ್ರಿಸುವ ಕಿರುಚಿತ್ರಗಳನ್ನು ಓದಲು ಈ ಪ್ರಶ್ನೆಗಿಂತ ಒಳ್ಳೆಯ ಪ್ರವೇಶದ್ವಾರ ನನಗೆ ತಿಳಿದಿಲ್ಲ. ಯಾರು ಕುಳಿತಿದ್ದಾರೆ, ಯಾರು ನಿಂತಿದ್ದಾರೆ, ವಾದ್ಯ ಯಾರ ಕೈಯಲ್ಲಿದೆ ಎಂಬುದೇ ಅಲ್ಲಿನ ವ್ಯಾಕರಣ. ನೆರೆಯ ಗೋಲ್ಕೊಂಡದ ನಿದರ್ಶನ ನೋಡಬಹುದು. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಹಾಫಿಜನ ದಿವಾನಿನ ಒಂದು ಪ್ರತಿಯೊಳಗೆ, ಪದ್ಯಗಳಿಗೆ ಸಂಬಂಧವೇ ಇಲ್ಲದ ಐದು ಆಸ್ಥಾನಚಿತ್ರಗಳನ್ನು ಸೇರಿಸಿ ಹೊಲಿಯಲಾಗಿದೆ. ಅವು ಹದಿನಾರನೆಯ ಶತಮಾನದ ಕೊನೆಯ ದಶಕಗಳಿಗೆ ಸೇರಿದವು. ಹೊನ್ನು ಧಾರಾಳವಾಗಿ ಹರಿದಿರುವ ಈ ಹಾಳೆಗಳಲ್ಲಿ ಆಸನಸ್ಥ ಅರಸನೇ ಕೇಂದ್ರ; ನರ್ತಕಿಯರು ಅವನ ಎದುರಿಗೆ. ನೃತ್ಯವಿರುವುದು ನೋಡುವವನಿಗಾಗಿ. ನೋಡುವವನ ಗಾಂಭೀರ್ಯವನ್ನು ಎತ್ತಿ ಹಿಡಿಯುವುದೇ ನರ್ತಕಿಯರ ಚಲನೆಗೆ ವಹಿಸಿದ ಕೆಲಸ. ಮೊಗಲ್ ಚಿತ್ರಗಳಲ್ಲಿಯೂ ಸ್ಥೂಲವಾಗಿ ಇದೇ ಕ್ರಮ.

ಬಿಜಾಪುರದಲ್ಲಿ ಈ ಕ್ರಮ ಕದಲುತ್ತದೆ. ಪಾರಸಿಕ ಮೂಲದ ಚಿತ್ರಕಾರ ಫರ್ರುಖ್ ಬೇಗ್ ರಚಿಸಿದ, ಈಗ ಪ್ರಾಗ್ ನಗರದ ನಾಪ್ರ್‌ಸ್ಟೆಕ್ ವಸ್ತುಸಂಗ್ರಹಾಲಯದಲ್ಲಿರುವ ಚಿತ್ರದಲ್ಲಿ ಇಬ್ರಾಹಿಂ ತಾನೇ ತಂಬೂರ್ ನುಡಿಸುತ್ತಿದ್ದಾನೆ. (ಉದ್ದ ಕೊರಳಿನ ಈ ವಾದ್ಯವನ್ನು ಇಂದಿನ ಶ್ರುತಿ ತಂಬೂರಿಯೊಂದಿಗೆ ಸಮೀಕರಿಸುವುದು ಆತುರವಾದೀತು.) ಗಾತ್ರದಲ್ಲಿ ಅವನು ಸುತ್ತಲಿನವರಿಗಿಂತ ದೊಡ್ಡವನು, ಆ ಮಟ್ಟಿಗೆ ಅರಸುತನ ಉಳಿದಿದೆ. ಆದರೆ ಕೇಳುವವನ ಸ್ಥಾನ ತೆರವಾಗಿದೆ, ಪರಿಚಾರಕರು ಶ್ರೋತೃಗಳಾಗಿದ್ದಾರೆ. ಬ್ರಿಟಿಷ್ ಮ್ಯೂಸಿಯಂನ ಇನ್ನೊಂದು ಭಾವಚಿತ್ರ, ಸುಮಾರು 1615ರದು, ಇನ್ನೂ ಮುಂದೆ ಹೋಗುತ್ತದೆ. ಅಲ್ಲಿ ಇಬ್ರಾಹಿಂ ನಿಂತಿದ್ದಾನೆ, ಅವನ ಕೈಯಲ್ಲಿರುವುದು ಕತ್ತಿಯಲ್ಲ, ಚಿಟಿಕೆತಾಳ. ತಾನಸೇನನ ಬಗ್ಗೆ ಹಾಗೆ ಕೇಳಿದವನನ್ನು ಚಿತ್ರಕಾರ ಕಲಾವಿದನ ಭಂಗಿಯಲ್ಲೇ ನಿಲ್ಲಿಸಿದ್ದಾನೆ. ಇದನ್ನು ರಾಜವಿಲಾಸವೆಂದು ತಳ್ಳಿಹಾಕುವ ಇತಿಹಾಸಕಾರರ ಅವಸರ ನನಗೆ ಒಪ್ಪಿತವಲ್ಲ. ಅಧಿಕಾರವನ್ನು ನಾದಜ್ಞಾನದ ಮೇಲೆ ಸ್ಥಾಪಿಸುವ ಗಂಭೀರ ಪ್ರಯತ್ನ ಅಲ್ಲಿದೆ. 1599ರಲ್ಲಿ ರಾಜಧಾನಿಯ ಪಶ್ಚಿಮಕ್ಕೆ, ತೊರವಿಯ ಬಳಿ, ಅವನು ಆರಂಭಿಸಿದ ನವರಸಪುರವೂ ಅದರದೇ ಅಂಗ. 1624ರಲ್ಲಿ ಮಲಿಕ್ ಅಂಬರನ ದಾಳಿಗೆ ಅದು ತುತ್ತಾಯಿತು.

ಅರಸನ ಗೀತಸಂಗ್ರಹ 'ಕಿತಾಬ್-ಎ-ನೌರಸ್' ಸರಸ್ವತಿ, ಗಣಪತಿ ಮತ್ತು ಕಲಬುರಗಿಯ ಬಂದೇನವಾಜ್ ಮೂವರನ್ನೂ ಸ್ತುತಿಸುತ್ತದೆ. ಅವನನ್ನು 'ಜಗದ್ಗುರು' ಎಂದು ಪ್ರೀತಿಯಿಂದ ನೆನೆಯುವ ಕನ್ನಡ ಬರಹಗಳು, ಆ ಹಾಡುಗಳ ಭಾಷೆ ದಖನಿ ಎಂಬುದನ್ನು ಬೇಗನೆ ದಾಟಿಬಿಡುತ್ತವೆ. ದಾಟಬೇಕಾದ ಅಗತ್ಯವೇನೂ ಇಲ್ಲ. ಹಾಡುಗಳನ್ನು ರಾಗಾನುಸಾರ ವಿಂಗಡಿಸಿದ ಆ ಕೃತಿಯಲ್ಲಿ, ಕರ್ಣಾಟದ ಹೆಸರನ್ನು ಹೊತ್ತ ಕಾನಡಾ ರಾಗದ ರಚನೆಗಳೂ ಇವೆ. ಕನ್ನಡ, ಮರಾಠಿ, ತೆಲುಗು, ದಖನಿಗಳು ಒಂದೇ ಸಂತೆಯಲ್ಲಿ ಕೇಳಿಸುತ್ತಿದ್ದ ಸೀಮೆಯೊಂದರಲ್ಲಿ, ನೆಲದ ಗುರುತು ಪದದಲ್ಲಲ್ಲದೆ ರಾಗದಲ್ಲಿಯೂ ಉಳಿಯಬಲ್ಲದು.

ಅದೇ ಕೃತಿ ಅರಸನ ತಂಬೂರಿಗೆ 'ಮೋತಿ ಖಾನ್' ಎಂದೂ ಆನೆಗೆ 'ಆತಶ್ ಖಾನ್' ಎಂದೂ ಹೆಸರು ಕೊಟ್ಟಿದೆ. ಗೋಲ್ಕೊಂಡದ ಹಾಳೆಗಳಲ್ಲಿ ಕುಣಿಯುತ್ತಿರುವ ಹೆಂಗಸರಿಗೆ ಹೆಸರಿಲ್ಲ. ವಾದ್ಯಕ್ಕೆ ಖಾನನ ಪದವಿ ದೊರೆತ ಕಾಲದಲ್ಲಿ ನರ್ತಕಿ ಬರೇ ಆಕೃತಿಯಾಗಿಯೇ ಉಳಿದಳು. ಅರಸ ಕಲಾವಿದನಾದುದರಿಂದ ಕಲಾವಿದೆಯ ಸ್ಥಾನ ಏರಿತೆಂದು ಹೇಳಲು ಚಿತ್ರಗಳು ಬಿಡುವುದಿಲ್ಲ.

1686ರಲ್ಲಿ ಬಿಜಾಪುರ ಔರಂಗಜೇಬನ ವಶವಾಯಿತು. ದಖನಿನಲ್ಲಿ ಮೊಗಲರ ಪರವಾಗಿ ಸೇವೆಯಲ್ಲಿದ್ದ ಬಿಕಾನೇರದ ಅನೂಪಸಿಂಹನು ನಮ್ಮ ಗಡಿಯಾಚೆಯ ಆದವಾನಿಯಲ್ಲಿ ಆಡಳಿತ ನಡೆಸಿ, 1698ರಲ್ಲಿ ಅಲ್ಲಿಯೇ ತೀರಿಕೊಂಡ. ಮರುಭೂಮಿಯ ಅರಮನೆಯೊಂದರಲ್ಲಿ ಇಷ್ಟೊಂದು ದಖನಿ ಚಿತ್ರಗಳು ಸೇರಿದ್ದು ಈ ದಾರಿಯಿಂದ. ಪ್ರಾಗ್‌ನ ಚಿತ್ರದ ದಾರಿ ಬೇರೆ: ಅದು ಇಬ್ರಾಹಿಂ ಬದುಕಿದ್ದಾಗಲೇ ಜಹಾಂಗೀರನ ಸಂಪುಟ ಸೇರಿತ್ತು. ಹಿಜರಿ 1019ರ (ಕ್ರಿ.ಶ. 1610-11) ಅದರ ಬರಹ, ದಖನಿ ಸಂಗೀತದ ಅರಿವಿನಲ್ಲಿ ಇವನು ಆ ವಿದ್ಯೆಯ ನಿಪುಣರನ್ನೂ ಮೀರಿಸಿದವನೆಂದು ಒಪ್ಪುತ್ತದೆ. 'ಶಾಹ' ಎಂಬ ಬಿರುದನ್ನು ಮಾತ್ರ ಕೊಡುವುದಿಲ್ಲ. ಮೊಗಲರ ವಾಡಿಕೆಯಂತೆ ಅವನು ಅಲ್ಲಿ ಬರೇ 'ಆದಿಲ್ ಖಾನ್'.