ಕಲಾಯಿ: ತಿಂಗಳಿಗೆ ಎರಡು ಸಲ ಆಗುತ್ತಿದ್ದ ರಿಪೇರಿ

ಈ ವಾರದ ಮಾತು ಕಲಾಯಿ ಬಗ್ಗೆ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಮೆಟ್ರೋದಲ್ಲಿ ನಿಂತುಕೊಂಡೇ ಓದುವವರಿಗೆ ಅದರ ಬರಹ ರೂಪ ಇಲ್ಲಿದೆ.

ಹೈದರಾಬಾದ್ ನಗರ ಹುಟ್ಟಿದ್ದು 1591ರಲ್ಲಿ. ಸುಮಾರು ಅದೇ ಕಾಲಕ್ಕೆ ಉತ್ತರದಲ್ಲಿ ಅಬುಲ್ ಫಜಲ್, ಅಕ್ಬರನ ಆಡಳಿತದ ವಿವರಗಳನ್ನೆಲ್ಲ 'ಐನ್-ಇ-ಅಕ್ಬರಿ'ಯಲ್ಲಿ ಬರೆದಿಡುತ್ತಿದ್ದ. ಅದರಲ್ಲಿ ಅರಮನೆಯ ಅಡುಗೆಮನೆಗೂ ಜಾಗ ಇದೆ. ಬಾದಶಹನ ತಾಮ್ರದ ಪಾತ್ರೆಗಳಿಗೆ ತಿಂಗಳಿಗೆ ಎರಡು ಸಲ ಕಲಾಯಿ, ರಾಜಕುಮಾರರ ಪಾತ್ರೆಗಳಿಗೆ ತಿಂಗಳಿಗೆ ಒಂದು ಸಲ ಅಂತ ಅಲ್ಲಿ ದಾಖಲಾಗಿದೆ. ನಮ್ಮ ಆಫೀಸ್ ಭಾಷೆಯಲ್ಲಿ ಇದು ಮೇಂಟೆನೆನ್ಸ್ ಶೆಡ್ಯೂಲ್. ಲೇಪ ಸವೆಯೋದು ಖಂಡಿತ, ಆದ್ದರಿಂದ ಯಾವಾಗ ಮತ್ತೆ ಹಾಕಬೇಕು ಅನ್ನೋದನ್ನ ಮೊದಲೇ ನಿಗದಿ ಮಾಡಿಟ್ಟಿದ್ದರು. ಇವತ್ತು ನಾನು ಹೇಳಬೇಕು ಅಂದುಕೊಂಡಿರೋದು ಮುಖ್ಯವಾಗಿ ಇದನ್ನೇ.

ಇಷ್ಟೆಲ್ಲ ಯಾಕೆ ಬೇಕಿತ್ತು? ತಾಮ್ರ ಬಿಸಿಯನ್ನ ಪಾತ್ರೆ ತುಂಬ ಸಮವಾಗಿ ಹರಡುತ್ತೆ, ತಳ ಹಿಡಿಯೋದು ಕಡಿಮೆ. ಆದರೆ ಹುಳಿ ತಗುಲಿದರೆ ಅದು ಕರಗಿ ಅಡುಗೆಗೆ ಸೇರುತ್ತೆ. ಹಸಿರು ಕಿಲುಬು ಕಟ್ಟಿದ ಪಾತ್ರೆಯಲ್ಲಿ ಮಾಡಿದ್ದನ್ನ ತಿಂದರೆ ವಾಂತಿ, ಹೊಟ್ಟೆನೋವು. ಈಗ ಈ ಊರಿನ ಅಡುಗೆ ನೆನಪಿಸಿಕೊಳ್ಳಿ. ಹುಣಸೆಹುಳಿಯ ಖಟ್ಟಿ ದಾಲ್, ಮಿರ್ಚಿ ಕಾ ಸಾಲನ್, ಮೊಸರಲ್ಲಿ ನೆನೆಸಿದ ಮಾಂಸದ ಬಿರಿಯಾನಿ. ಎಲ್ಲದರಲ್ಲೂ ಹುಳಿ. ತಾಮ್ರದ ದೇಗ್‌ನಲ್ಲಿ ಇವನ್ನ ಬೇಯಿಸಬೇಕಾದರೆ ನಡುವೆ ತವರದ ಒಂದು ತೆಳು ಪದರ ಇರಲೇಬೇಕು. ಆ ಪದರವೇ ಕಲಾಯಿ.

ಈ ಜಾಣತನ ತುಂಬಾ ಹಳೆಯದು. ತಾಮ್ರದ ಪಾತ್ರೆಗೆ ತವರ ಲೇಪಿಸಿದರೆ ರುಚಿ ಕೆಡೋದಿಲ್ಲ, ಕಿಲುಬು ಕಟ್ಟೋದಿಲ್ಲ ಅಂತ ರೋಮಿನ ಪ್ಲೈನಿ ಒಂದನೇ ಶತಮಾನದಲ್ಲೇ ಬರೆದಿದ್ದಾನೆ. ಕಲಾಯಿ ಅನ್ನೋ ಪದ ನಮಗೆ ಬಂದದ್ದು ಪಾರ್ಸಿ, ಉರ್ದು ದಾರಿಯಲ್ಲಿ. ಅದರ ಮೂಲ ಅರಬ್ಬಿಯಲ್ಲಿದೆ. ಮಲಯ ಕಡೆಯ 'ಕಲಾ' ಎಂಬ ಬಂದರಿನಿಂದ ಬರುತ್ತಿದ್ದ ತವರಕ್ಕೆ ಅರಬ್ ವರ್ತಕರು ಆ ಊರಿನ ಹೆಸರನ್ನೇ ಇಟ್ಟರು ಅಂತ ವಿದ್ವಾಂಸರು ಹೇಳುತ್ತಾರೆ. ಅಜ್ಜಿ ಮನೆ ಬೀದಿಯಲ್ಲಿ ಕೇಳುತ್ತಿದ್ದ "ಕಲಾಯಿ... ಕಲಾಯೀ..." ಕೂಗಿನಲ್ಲಿ ಸಮುದ್ರ ದಾಟಿದ ವ್ಯಾಪಾರದ ಚರಿತ್ರೆ ಇದೆ ನೋಡಿ.

ಇನ್ನು ಕೆಲಸ ಹೇಗೆ ಮಾಡ್ತಾರೆ ಅನ್ನೋದು. ಮೊದಲು ಹಳೆ ಕೊಳೆ, ಕಿಲುಬು ಎಲ್ಲ ಹೋಗೋ ಹಾಗೆ ಉಜ್ಜಬೇಕು. ದೊಡ್ಡ ಪಾತ್ರೆಯಾದರೆ ಕಲಾಯಿಯವನು ಅದರೊಳಗೇ ನಿಂತು, ಸೊಂಟ ತಿರುಗಿಸುತ್ತಾ ಕಾಲಿನಿಂದ ಉಜ್ಜುತ್ತಾನೆ. ಆಮೇಲೆ ಇದ್ದಲ ಒಲೆ, ತಿದಿ. ಪಾತ್ರೆ ಕಾದಾಗ ನವಸಾಗರದ ಪುಡಿ ಉದುರಿಸುತ್ತಾನೆ. ಬಿಳಿ ಹೊಗೆ ಏಳುತ್ತೆ. ನವಸಾಗರ ಅಂದ್ರೆ ಅಮೋನಿಯಂ ಕ್ಲೋರೈಡ್. ಬಿಸಿಗೆ ಅದು ಒಡೆದು, ತಾಮ್ರದ ಮೇಲಿನ ಆಕ್ಸೈಡ್ ಪದರವನ್ನ ತೆಗೆದುಹಾಕುತ್ತೆ. ಆಗ ತವರದ ಕಡ್ಡಿ ಮುಟ್ಟಿಸಿದರೆ ಅದು ಕರಗಿ ಹರಿಯುತ್ತೆ, ಹತ್ತಿಯಲ್ಲಿ ಬಳಿದರೆ ಕ್ಷಣದಲ್ಲಿ ಪಾತ್ರೆ ಬೆಳ್ಳಗೆ. ತವರ ಕರಗೋದು 232 ಡಿಗ್ರಿ ಸೆಲ್ಸಿಯಸ್‌ಗೆ, ತಾಮ್ರ 1085ಕ್ಕೆ. ಈ ಅಂತರ ಇರೋದರಿಂದಲೇ ಬೀದಿ ಬದಿಯ ಒಲೆಯಲ್ಲಿ ಈ ಕೆಲಸ ಸಾಧ್ಯ. ಕಾಲೇಜಿನ ಲ್ಯಾಬಲ್ಲಿ ಸೋಲ್ಡರಿಂಗ್ ಮಾಡಿದವರಿಗೆ ಇದು ಹೊಸದಲ್ಲ. ಫ್ಲಕ್ಸ್ ಹಾಕು, ಬಿಸಿ ಮಾಡು, ತವರ ಹರಿಸು. ಕಲಾಯಿಯವನದೂ ಅದೇ ವಿದ್ಯೆ.

ಇದೇ ನವಸಾಗರ ನಮ್ಮ ಬೀದರ್‌ನಲ್ಲಿ ಉಲ್ಟಾ ಕೆಲಸ ಮಾಡುತ್ತೆ! 1956ರ ನವೆಂಬರ್ 1ರವರೆಗೆ ಬೀದರ್ ಹೈದರಾಬಾದ್ ರಾಜ್ಯದಲ್ಲೇ ಇತ್ತು, ನಿಮಗೆ ಗೊತ್ತಿರೋದೇ. ಬಿದರಿ ಸಾಮಾನಿನ ಲೋಹದಲ್ಲಿ ಹೆಚ್ಚು ಪಾಲು ಸತು, ಸ್ವಲ್ಪ ತಾಮ್ರ. ಅದಕ್ಕೆ ಬೆಳ್ಳಿ ಕೂರಿಸಿದ ಮೇಲೆ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಸೇರಿಸಿ ಬಿಸಿಯಾಗಿ ಹಚ್ಚುತ್ತಾರೆ. ಲೋಹ ಕಪ್ಪಾಗುತ್ತೆ, ಬೆಳ್ಳಿ ಬೆಳ್ಳಗೇ ಉಳಿಯುತ್ತೆ. ಆ ಕಪ್ಪು ಬಣ್ಣ ಬಳಿದದ್ದಲ್ಲ, ಲೋಹದ ಮೈಯೇ ಬದಲಾಗಿ ಬಂದದ್ದು. ವರ್ಷಗಳು ಕಳೆದು ಅದು ಮಾಸಿದರೆ ಕುಶಲಕರ್ಮಿ ಮತ್ತೆ ಮಣ್ಣು ಹಚ್ಚಿ ಕಪ್ಪು ಬರಿಸಬಲ್ಲ. ಅಲ್ಲೂ ಲೇಪ ಹೋದರೆ ವಸ್ತು ಹೋಯಿತು ಅಂತ ಅರ್ಥ ಅಲ್ಲ.

ಹಾಗಾದ್ರೆ ಕಲಾಯಿ ಯಾಕೆ ಕಮ್ಮಿ ಆಯ್ತು? ಮೊದಲು ಅಗ್ಗದ ಅಲ್ಯೂಮಿನಿಯಂ ಬಂತು, ಆಮೇಲೆ ಸ್ಟೀಲ್. ಸ್ಟೇನ್‌ಲೆಸ್ ಸ್ಟೀಲಿನಲ್ಲಿರೋ ಕ್ರೋಮಿಯಂ ಗಾಳಿಯ ಜೊತೆ ಸೇರಿ ಕಣ್ಣಿಗೆ ಕಾಣದ ಪದರ ಕಟ್ಟುತ್ತೆ. ಗೀರು ಬಿದ್ದರೂ ಅದು ತಾನೇ ಮತ್ತೆ ಕಟ್ಟಿಕೊಳ್ಳುತ್ತೆ. ಅಂದ್ರೆ ರಿಪೇರಿ ಮಾಡುವವನ ಕೆಲಸವನ್ನ ಲೋಹವೇ ವಹಿಸಿಕೊಂಡಿತು. ಮನೆಯ ಹೆಣ್ಣುಮಕ್ಕಳಿಗೆ ಉಜ್ಜೋ ಶ್ರಮ ತಪ್ಪಿತು, ಅದು ಒಳ್ಳೇದೇ. ಆಮೇಲೆ ಬಂದ ನಾನ್‌ಸ್ಟಿಕ್ ತವಾದ ಕಥೆ ಮಾತ್ರ ಬೇರೆ. ಅದರ ಲೇಪ ಎದ್ದರೆ ಮನೆಯಲ್ಲೂ ಆಗಲ್ಲ, ಬೀದಿಯಲ್ಲೂ ಆಗಲ್ಲ. ಚೆನ್ನಾಗಿರೋ ಲೋಹವನ್ನ ಲೇಪದ ಜೊತೆಗೇ ಎಸೀತೀವಿ.

ಹೈದರಾಬಾದಲ್ಲಿ ಕಲಾಯಿ ಇನ್ನೂ ಉಳಿದಿದೆ. ಮದುವೆ ಅಡುಗೆಯವರ ದೇಗ್‌ಗಳಿಗೆ, ರಂಜಾನ್ ಹಲೀಮ್‌ಗೆ ಮುಂಚೆ, ಕಲಾಯಿಯವರಿಗೆ ಕೈ ತುಂಬಾ ಕೆಲಸ. ಊರಿಂದ ಅಜ್ಜಿಯ ತಾಮ್ರದ ಪಾತ್ರೆ ತಂದು ಶೋಕೇಸಲ್ಲಿ ಇಟ್ಟಿದ್ದರೆ, ಹಳೇ ಊರಿನ ಪಾತ್ರೆ ಅಂಗಡಿಗಳಲ್ಲಿ ವಿಚಾರಿಸಿ, ಜನ ಸಿಗ್ತಾರೆ.

ಒಂದು ಎಚ್ಚರಿಕೆ ಮಾತ್ರ ಕಡ್ಡಾಯ. ಅಗ್ಗ ಮಾಡೋಕೆ ತವರಕ್ಕೆ ಸೀಸ ಬೆರೆಸೋದುಂಟು. ನಮ್ಮ ಹಳೇ ಸೋಲ್ಡರ್ ತಂತಿಯಲ್ಲಿ 63 ಪಾಲು ತವರ, 37 ಪಾಲು ಸೀಸ ಇರುತ್ತಿತ್ತು. ಅದು 183 ಡಿಗ್ರಿಗೇ ಕರಗುತ್ತೆ, ಕೆಲಸ ಸುಲಭ. ಆದರೆ ಸೀಸ ವಿಷ, ಮಕ್ಕಳ ಮಿದುಳಿಗೆ ಇನ್ನೂ ಕೆಟ್ಟದ್ದು. ಸರ್ಕ್ಯೂಟ್ ಬೋರ್ಡಿಗೇ ಸೀಸ ಬೇಡ ಅಂತ ಯುರೋಪ್ 2006ರಲ್ಲಿ ನಿಯಮ ಜಾರಿಗೆ ತಂದಿತು, ಇನ್ನು ಸಾರಿನ ಪಾತ್ರೆಗೆ ಬೇಕಾ? ಶುದ್ಧ ತವರವನ್ನ ನಂಬಿಕಸ್ತ ಅಂಗಡಿಯಿಂದ ನೀವೇ ಕೊಂಡುಹೋಗಿ ಕೊಡಿ, ಕೆಲಸ ನಿಮ್ಮ ಕಣ್ಣೆದುರೇ ಆಗಲಿ. ಆಮೇಲೆ ಮರದ ಸೌಟು ಬಳಸಿ, ಖಾಲಿ ಪಾತ್ರೆಯನ್ನ ಒಲೆ ಮೇಲೆ ಇಡಬೇಡಿ. ಒಳಗೆ ತಾಮ್ರದ ಕೆಂಪು ಇಣುಕಿದರೆ ಮತ್ತೆ ಕಲಾಯಿ ಹಾಕಿಸೋ ಹೊತ್ತು ಬಂತು ಅಂತ ತಿಳೀರಿ.

ನಿಮ್ಮ ಮನೆಯಲ್ಲಿ ಅಂಥ ಪಾತ್ರೆ ಇದ್ದರೆ, ಅದು ಯಾವ ಊರಿಂದ ಬಂತು, ಕೊನೇ ಸಲ ಕಲಾಯಿ ಹಾಕಿಸಿದ್ದು ಯಾವಾಗ ಅಂತ ಮನೆಯ ಹಿರಿಯರನ್ನ ಇವತ್ತೇ ಫೋನ್ ಮಾಡಿ ಕೇಳಿ. ಮುಂದಿನ ವಾರ ಸಿಗೋಣ.