ಮೀನಿನ ಶಾಕ್‌ನಿಂದ ಬೆನ್ನುಹುರಿಯ ಯಂತ್ರದವರೆಗೆ

ಮೊಣಕೈ ಎಲ್ಲಿಗಾದರೂ ಬಡಿದರೆ ನಾವು ಮೊದಲು ಮಾಡುವ ಕೆಲಸ, ಇನ್ನೊಂದು ಕೈಯಿಂದ ಅದನ್ನು ತಿಕ್ಕುವುದು. ತಿಕ್ಕಿದರೆ ನೋವು ಕಡಿಮೆಯಾಗುತ್ತದೆ ಎಂದು ಮಕ್ಕಳಿಗೂ ಗೊತ್ತು. ಏಕೆ ಎಂಬ ಪ್ರಶ್ನೆಗೆ ವಿಜ್ಞಾನಿಗಳು ಒಂದು ಉತ್ತರ ಮುಂದಿಟ್ಟದ್ದು 1965ರಲ್ಲಿ. ಬೆನ್ನುಹುರಿಯ ಬಳಿ ತಂತಿ ಇರಿಸಿ, ಸಣ್ಣ ವಿದ್ಯುತ್ ಮಿಡಿತಗಳಿಂದ ನೋವು ತಗ್ಗಿಸುವ ಯಂತ್ರ ಹುಟ್ಟಿದ್ದು ಆ ಉತ್ತರದಿಂದಲೇ. ಬೆನ್ನಿನ ಶಸ್ತ್ರಚಿಕಿತ್ಸೆಯಾದ ಮೇಲೂ ಕಾಲುನೋವು ಬಿಡದ ನನ್ನ ಚಿಕ್ಕಪ್ಪನಿಗೆ ವೈದ್ಯರೊಬ್ಬರು ಈ ಯಂತ್ರವನ್ನು ಸೂಚಿಸಿದರು. ಖರ್ಚು ಲಕ್ಷಗಳ ಲೆಕ್ಕದಲ್ಲಿ. "ಹಾಕಿಸಿಕೊಳ್ಳಲೇನೋ?" ಎಂದು ಅವರು ಕೇಳಿದಾಗ ಇದರ ಚರಿತ್ರೆಯನ್ನು ಹುಡುಕುತ್ತಾ ಹೋದೆ.

ಕತೆ ಬಹಳ ಹಳೆಯದು. ನಮ್ಮ ಕರಾವಳಿಯವರು ಬಲ್ಲ ತೊರಕೆಯ ಬಳಗಕ್ಕೆ ಸೇರಿದ, ಶಾಕ್ ಹೊಡೆಯುವ ಒಂದು ಮೀನು ಮೆಡಿಟರೇನಿಯನ್ ಸಮುದ್ರದಲ್ಲಿದೆ. ತಲೆನೋವಿಗೂ ಕಾಲಿನ ಗೌಟ್ ನೋವಿಗೂ ಜೀವಂತ ಮೀನನ್ನೇ ತಾಗಿಸಬೇಕೆಂದು ರೋಮಿನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ಒಂದನೆಯ ಶತಮಾನದಲ್ಲಿ ಬರೆದ. ಮುಂದೆ ಬಂದ ಗ್ಯಾಲೆನ್ ಇನ್ನಷ್ಟು ಸೂಕ್ಷ್ಮವಾಗಿ ನೋಡಿದ. ಸತ್ತ ಮೀನನ್ನು ಇಟ್ಟರೆ ಪ್ರಯೋಜನವಿಲ್ಲ, ಜೀವಂತ ಮೀನಿಟ್ಟರೆ ತಲೆನೋವು ಇಳಿಯುತ್ತದೆ ಎಂದ. ಈ ಸತ್ತ ಮೀನನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಅರಬರು ಇಂತಹ ಮೀನನ್ನು 'ರಅ್ಆದ್' ಎಂದು ಕರೆದರು. ಗುಡುಗಿಗೆ ಹೇಳುವ 'ರಅ್ದ್' ಪದದ ಬಂಧುವೇ ಅದು. ಇಬ್ನ್ ಸೀನಾರ 'ಅಲ್ ಖಾನೂನ್' ವೈದ್ಯಗ್ರಂಥದಲ್ಲೂ ತಲೆನೋವಿನ ಚಿಕಿತ್ಸೆಗೆ ಇದರ ಪ್ರಸ್ತಾಪವಿದೆ. ವಿದ್ಯುತ್ ಎಂದರೇನೆಂದು ಯಾರಿಗೂ ತಿಳಿಯದ ಕಾಲವದು.

1965ರಲ್ಲಿ ಕೆನಡಾದ ರೊನಾಲ್ಡ್ ಮೆಲ್ಜಾಕ್ ಮತ್ತು ಇಂಗ್ಲೆಂಡಿನ ಪ್ಯಾಟ್ರಿಕ್ ವಾಲ್ 'ಸೈನ್ಸ್' ಪತ್ರಿಕೆಯಲ್ಲಿ ತಮ್ಮ 'ದ್ವಾರ ಸಿದ್ಧಾಂತ'ವನ್ನು ಮಂಡಿಸಿದರು. ನೋವಿನ ಸುದ್ದಿ ತೆಳು ನರತಂತುಗಳಲ್ಲಿ ಬರುತ್ತದೆ, ಸ್ಪರ್ಶದ ಸುದ್ದಿ ದಪ್ಪ ತಂತುಗಳಲ್ಲಿ. ಬೆನ್ನುಹುರಿಯಲ್ಲಿ ಒಂದು ಬಾಗಿಲಿದ್ದಂತೆ. ದಪ್ಪ ತಂತುಗಳು ಚುರುಕಾದರೆ ಆ ಬಾಗಿಲು ಮುಚ್ಚುತ್ತದೆ. ಹಾಗಾದರೆ ಆ ದಪ್ಪ ತಂತುಗಳನ್ನು ವಿದ್ಯುತ್ತಿನಿಂದಲೇ ಕೆಣಕಿದರೆ? ವಾಲ್ ಮತ್ತು ಶಸ್ತ್ರವೈದ್ಯ ವಿಲಿಯಂ ಸ್ವೀಟ್ ಇದನ್ನು ಮೊದಲು ತಮ್ಮ ಮುಖದ ನರದ ಮೇಲೆಯೇ ಪ್ರಯೋಗಿಸಿ ನೋಡಿದರು!

1967ರ ಮಾರ್ಚ್‌ನಲ್ಲಿ ಅಮೆರಿಕದ ನಾರ್ಮನ್ ಶೀಲಿ ಎಂಬ ನರಶಸ್ತ್ರವೈದ್ಯ, ಇಂಜಿನಿಯರಿಂಗ್ ವಿದ್ಯಾರ್ಥಿ ಥಾಮಸ್ ಮಾರ್ಟಿಮರ್ ಸಿದ್ಧಪಡಿಸಿದ ಸಾಧನವನ್ನು ಮೊದಲ ಬಾರಿಗೆ ರೋಗಿಯೊಬ್ಬನ ಬೆನ್ನುಹುರಿಗೆ ಅಳವಡಿಸಿದರು. ರೋಗಿಗೆ 70 ವರ್ಷ, ಶ್ವಾಸಕೋಶದ ಕ್ಯಾನ್ಸರ್. ನೋವು ಇಳಿಯಿತು, ಆದರೆ ಸ್ವಲ್ಪ ಸಮಯದಲ್ಲೇ ಆತ ತೀರಿಕೊಂಡ. ಆ ಒಂದು ಅನುಭವದ ವರದಿಯಿಂದ ಒಂದು ಉದ್ಯಮವೇ ಬೆಳೆಯಿತು. ಪೇಸ್‌ಮೇಕರ್ ತಯಾರಿಸುತ್ತಿದ್ದ ಮೆಡ್‌ಟ್ರಾನಿಕ್ ಕಂಪನಿ ಈ ಕ್ಷೇತ್ರಕ್ಕೂ ಇಳಿಯಿತು. ಆರಂಭದಲ್ಲಿ ಬೆನ್ನುಮೂಳೆಯ ಭಾಗವನ್ನು ಕೊರೆದು ತೆಗೆದು ತಂತಿ ಇಡಬೇಕಿತ್ತು. ಶಕ್ತಿ ಹೊರಗಿನ ಪೆಟ್ಟಿಗೆಯಿಂದ ರೇಡಿಯೋ ತರಂಗಗಳ ಮೂಲಕ ಬರುತ್ತಿತ್ತು. ಮುಂದೆ ಸೂಜಿಯ ಮೂಲಕವೇ ತಂತಿ ಇಳಿಸುವ ಕ್ರಮ ಬಂತು. ಬ್ಯಾಟರಿ ಚರ್ಮದೊಳಗೆ ಸೇರಿತು, 2004ರಲ್ಲಿ ಮರುಚಾರ್ಜ್ ಮಾಡುವ ಮಾದರಿಯೂ ಬಂತು.

ಆದರೆ ಇದು ನಿಜಕ್ಕೂ ಎಷ್ಟು ಕೆಲಸ ಮಾಡುತ್ತದೆ? ಕೆನಡಾದ ಕೃಷ್ಣ ಕುಮಾರ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 100 ರೋಗಿಗಳಿದ್ದರು. ಎಲ್ಲರಿಗೂ ಬೆನ್ನಿನ ಶಸ್ತ್ರಚಿಕಿತ್ಸೆಯ ನಂತರವೂ ಕಾಲುನೋವು ಉಳಿದಿತ್ತು. ಆರು ತಿಂಗಳಲ್ಲಿ ಯಂತ್ರ ಹಾಕಿಸಿಕೊಂಡವರಲ್ಲಿ ಶೇ. 48 ಮಂದಿಯ ಕಾಲುನೋವು ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯಿತು. ಔಷಧೋಪಚಾರ ಮಾತ್ರ ಪಡೆದವರಲ್ಲಿ ಶೇ. 9. ಇದು ಸಣ್ಣ ವ್ಯತ್ಯಾಸವಲ್ಲ. 2008ರಲ್ಲಿ ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್ ಕೂಡ, ಕನಿಷ್ಠ ಆರು ತಿಂಗಳಿನಿಂದ ತೀವ್ರ ನರನೋವಿರುವವರಿಗೆ, ತಾತ್ಕಾಲಿಕ ಪರೀಕ್ಷೆ ಫಲಿಸಿದರೆ ಮಾತ್ರ ಎಂಬ ಷರತ್ತಿನೊಂದಿಗೆ ಇದನ್ನು ಒಪ್ಪಿತು.

ಒಂದು ತೊಡಕು ಮಾತ್ರ ಉಳಿದೇ ಇತ್ತು. ಹಳೆಯ ಯಂತ್ರಗಳು ಮೈಯಲ್ಲಿ ಜುಮ್ಮೆನ್ನುವ ಅನುಭವ ಕೊಡುತ್ತವೆ. ಹೀಗಾಗಿ ಯಂತ್ರ ನಡೆಯುತ್ತಿದೆಯೋ ಇಲ್ಲವೋ ಎಂಬುದು ರೋಗಿಗೆ ತಿಳಿದುಬಿಡುತ್ತದೆ. ನಂಬಿಕೆಯಿಂದ ಇಳಿದ ನೋವೆಷ್ಟು, ವಿದ್ಯುತ್ತಿನಿಂದ ಇಳಿದದ್ದೆಷ್ಟು ಎಂದು ಬಿಡಿಸುವುದು ಹೇಗೆ? ಗ್ಯಾಲೆನ್‌ನ ಸತ್ತ ಮೀನಿನ ಪರೀಕ್ಷೆಯನ್ನು ಇಲ್ಲಿ ಸರಿಯಾಗಿ ಮಾಡಲು ಸಾಧ್ಯವೇ ಇರಲಿಲ್ಲ. ಜುಮ್ಮೆನ್ನಿಸದ ಹೊಸ ಮಾದರಿಯ ಮಿಡಿತಗಳು ಬಂದ ಮೇಲೆ ದಾರಿ ತೆರೆಯಿತು. ನಾರ್ವೆಯ ವೈದ್ಯರು 50 ರೋಗಿಗಳಲ್ಲಿ ಕೆಲವು ತಿಂಗಳು ಯಂತ್ರ ನಡೆಸಿ, ಕೆಲವು ತಿಂಗಳು ರೋಗಿಗೆ ತಿಳಿಯದಂತೆ ನಿಲ್ಲಿಸಿ ನೋಡಿದರು. 2022ರಲ್ಲಿ ಫಲಿತಾಂಶ ಬಂತು: ಎರಡೂ ಅವಧಿಗಳಲ್ಲಿ ರೋಗಿಗಳು ಮೊದಲಿಗಿಂತ ಚೇತರಿಸಿಕೊಂಡಿದ್ದರು, ಎರಡರ ನಡುವೆ ಗಣನೀಯ ವ್ಯತ್ಯಾಸವಿರಲಿಲ್ಲ. ಆ ಮಿಡಿತಗಳನ್ನು ಹೊಂದಿಸಿದ ಕ್ರಮವೇ ಸರಿಯಿರಲಿಲ್ಲ ಎಂದು ಟೀಕಾಕಾರರು ಹೇಳಿದರು. ಆ ಮಾತಿನಲ್ಲಿ ಹುರುಳಿರಬಹುದು. ಆದರೆ 1967ರಿಂದ 2022ರವರೆಗೆ 55 ವರ್ಷಗಳ ಕಾಲ ಯಂತ್ರ ಮಾರಾಟವಾದದ್ದು ಈ ಪ್ರಶ್ನೆಗೆ ಗಟ್ಟಿ ಉತ್ತರವಿಲ್ಲದೆಯೇ ಎಂಬುದನ್ನು ನಾನು ಮರೆಯಲಾರೆ.

ತೊಂದರೆಗಳ ಲೆಕ್ಕವೂ ಇದೆ. ತಂತಿ ಜರುಗುವುದು, ಸೋಂಕು, ಶಾಕ್ ಹೊಡೆದಂತಾಗುವುದು. 2016ರ ಜುಲೈಯಿಂದ ನಾಲ್ಕು ವರ್ಷಗಳಲ್ಲಿ ಅಮೆರಿಕದ ಎಫ್‌ಡಿಎಗೆ ಇಂತಹ ಯಂತ್ರಗಳ ಬಗ್ಗೆ 1,07,728 ವರದಿಗಳು ಬಂದವು. ವರದಿಯಾದುದೆಲ್ಲ ಯಂತ್ರದ್ದೇ ತಪ್ಪೆಂದಲ್ಲ. ಆದರೂ ಕಾಯಂ ಆಗಿ ಅಳವಡಿಸುವ ಮುನ್ನ ತಾತ್ಕಾಲಿಕ ತಂತಿಯಿಂದ ಪರೀಕ್ಷಿಸಿ, ನೋವು ತೃಪ್ತಿಕರವಾಗಿ ಇಳಿಯುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ ಎಂದು ಅದು 2020ರ ಸೆಪ್ಟೆಂಬರ್‌ನಲ್ಲಿ ವೈದ್ಯರಿಗೆ ಪತ್ರ ಬರೆಯಿತು.

ಇದನ್ನೆಲ್ಲ ಚಿಕ್ಕಪ್ಪನಿಗೆ ಓದಿ ಹೇಳಿದೆ. ಅವರಿನ್ನೂ ತೀರ್ಮಾನಿಸಿಲ್ಲ. ವೈದ್ಯರಲ್ಲಿ ಕೇಳಬೇಕಾದುದನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡಿದ್ದಾರೆ. ಮೊದಲ ಸಾಲು ಹೀಗಿದೆ: ಪರೀಕ್ಷೆಯ ವಾರದಲ್ಲಿ ನೋವು ಅರ್ಧಕ್ಕೂ ಇಳಿಯದಿದ್ದರೆ ತಂತಿ ತೆಗೆದು ಮನೆಗೆ ಕಳಿಸುತ್ತೀರಾ?